ಅಂಚು ಮಾತ್ರ ಕಂಡ ರೇಷ್ಮೆ

ಹೆಂಗಸರ ಮದುವೆ ಉಡುಪು ಹೊಲಿಯಲು ಶುರುಮಾಡಿ ನನಗೆ ಇಪ್ಪತ್ತೇಳು ವರ್ಷ ತುಂಬಿತು. ಇಷ್ಟು ವರ್ಷಗಳಲ್ಲಿ ನಾನು ಕತ್ತರಿಸಿ ಹೊಲಿದ ಒಂದೇ ಒಂದು ಉಡುಪನ್ನೂ ಯಾರ ಮೈಮೇಲೂ ನೋಡಿಲ್ಲ. ಊರಿನಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ಅಡುಗೆಯವನು ಉಪ್ಪು ನೋಡದೆ ಬಡಿಸಿದ ಹಾಗಾಯಿತಲ್ಲ ಎಂದು ನನ್ನ ಅಣ್ಣ ಒಮ್ಮೆ ಅಂದಿದ್ದ. ಹೆಂಡತಿಗಾದರೂ ಏನಾದರೂ ಹೊಲಿದು ಕೊಟ್ಟಿದ್ದೇನೆಯೇ ಎಂದರೆ ಅದೂ ಇಲ್ಲ. ಅವಳ ರವಿಕೆಗಳನ್ನೆಲ್ಲ ಉಡುಪಿಯ ಬಸ್ ನಿಲ್ದಾಣದ ಹತ್ತಿರದ ಟೈಲರ್ ಹೊಲಿಯುತ್ತಾನೆ. ದೀಪದ ಬುಡದಲ್ಲಿ ಕತ್ತಲು ಅನ್ನುವುದು ನನ್ನಂಥವರಿಗೇ.

ಸೌದಿಯ ಖೋಬರ್ ಪಟ್ಟಣದ ಥುಕ್ಬಾ ಬಡಾವಣೆಯಲ್ಲಿದ್ದ ನಮ್ಮ ಅಂಗಡಿಗೆ ಎರಡು ಬಾಗಿಲು. ಮುಂದಿನ ರಸ್ತೆಯ ಬಾಗಿಲು ಗಿರಾಕಿ ಹೆಂಗಸರಿಗೆ, ಹಿಂದಿನ ಗಲ್ಲಿಯ ಬಾಗಿಲು ನಮಗೆ, ಅಂದರೆ ಐದು ಮಂದಿ ಟೈಲರುಗಳಿಗೆ. ನಡುವೆ ಗೋಡೆ, ಗೋಡೆಯಲ್ಲೊಂದು ಕಿಂಡಿ. ಆ ಕಡೆ ಫಿಲಿಪೈನ್ಸಿನ ಹೆಂಗಸೊಬ್ಬಳು ಅಳತೆ ತೆಗೆದು, ಚೀಟಿಯಲ್ಲಿ ಬರೆದು, ಕಿಂಡಿಯಿಂದ ನನ್ನ ಕೈಗೆ ಕೊಡುತ್ತಿದ್ದಳು. ಹನ್ನೊಂದು ವರ್ಷ ನಾನು ಕಂಡದ್ದು ಅವಳ ಕೈಯನ್ನು ಮಾತ್ರ. ಬಣ್ಣವಿಲ್ಲದ ಉಗುರು, ತೋರುಬೆರಳಿನ ತುದಿಯಲ್ಲಿ ಗುಂಡುಸೂಜಿ ಚುಚ್ಚಿದ ಕಲೆಗಳು. ಚೀಟಿಯಲ್ಲಿ ಭುಜ, ಎದೆ, ಸೊಂಟ, ಉದ್ದ. ಒಂದು ಭುಜ ಇನ್ನೊಂದಕ್ಕಿಂತ ಸ್ವಲ್ಪ ತಗ್ಗಾಗಿದ್ದರೆ ಅದನ್ನೂ ಬರೆದಿರುತ್ತಿದ್ದಳು. ಆ ಲೆಕ್ಕದ ಮೇಲೆ ನಾನು ಕತ್ತರಿ ಹಾಕುತ್ತಿದ್ದೆ. ಹೊಲಿದಾದ ಮೇಲೆ ಉಡುಪು ಅದೇ ಕಿಂಡಿಯಿಂದ ಆಚೆ ಹೋಗುತ್ತಿತ್ತು. ಕಣ್ಣು ಕೆಳಗೆ ಹಾಕಿ ಕೈ ಚಾಚುವುದು, ತೆಗೆದುಕೊಳ್ಳುವುದು. ಮೊದಲ ತಿಂಗಳಲ್ಲೇ ಕಲಿತ ಪಾಠ ಅದು, ಆಮೇಲೆ ಮೈಗಂಟಿ ಹೋಯಿತು.

ಮದುವೆ ಮನೆಯ ಫೋಟೊದಲ್ಲಾದರೂ ನೋಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿನ ಮದುವೆಗಳಲ್ಲಿ ಹೆಂಗಸರ ಹಾಲ್ ಬೇರೆ. ಬಾಗಿಲಲ್ಲೇ ಫೋನು ತೆಗೆದಿಟ್ಟುಕೊಳ್ಳುತ್ತಾರೆ. ಒಳಗೆ ಯಾರು ಏನು ಉಟ್ಟರು, ಯಾವುದು ಎದ್ದು ಕಂಡಿತು ಎನ್ನುವುದು ಮರುದಿನ ಕಿಂಡಿಯ ಮೂಲಕ ಎರಡು ಮಾತಿನಲ್ಲಿ ತಿಳಿಯುತ್ತಿತ್ತು. "ಮೇಡಂ ಖುಷ್" ಎಂದು ಆ ಫಿಲಿಪಿನೋ ಹೆಂಗಸು ಹಿಂದಿಯಲ್ಲಿ ಹೇಳಿದರೆ ಆ ದಿನ ನಮಗೆ ಹಬ್ಬ.

ನಾವೆಲ್ಲ ಮೇಡಂ ಎನ್ನುತ್ತಿದ್ದ ಅಂಗಡಿಯ ಒಡತಿ ಸೌದಿಯವಳು. ಅವಳ ತಾಯಿ ಶುರುಮಾಡಿದ ಅಂಗಡಿ, ಆಮೇಲೆ ಇವಳ ಕೈಗೆ ಬಂದದ್ದು. ಹಿಂದಿನ ಬಾಗಿಲಿನಿಂದ ಬಂದು ಕತ್ತರಿಸುವ ಮೇಜಿನ ಎದುರು ನಿಂತು ನನ್ನನ್ನು ಮುಅಲ್ಲಿಮ್ ಎಂದು ಕರೆಯುತ್ತಿದ್ದಳು. ಕೈಕೆಲಸ ಬಲ್ಲ ಮೇಸ್ತ್ರಿಗಳನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಅರ್ಧ ಅರಬಿ, ಅರ್ಧ ಹಿಂದಿಯಲ್ಲಿ ನಮ್ಮ ಮಾತು ನಡೆಯುತ್ತಿತ್ತು. ಒಂದು ದಿನವೂ ದನಿ ಏರಿಸಿದವಳಲ್ಲ.

ಕಾಲ ಬದಲಾಯಿತು. ಹುಡುಗಿಯರು ಫೋನಿನಲ್ಲೇ ಉಡುಪು ನೋಡಿ ತರಿಸಿಕೊಳ್ಳತೊಡಗಿದರು. ನಮ್ಮ ಸಾಲಿನಲ್ಲಿದ್ದ ಹೊಲಿಗೆ ಅಂಗಡಿಗಳಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿಯಾಯಿತು, ಇನ್ನೊಂದು ಚಹಾದ ಅಂಗಡಿಯಾಯಿತು. ನಮ್ಮಲ್ಲಿಯೂ ಕಿಂಡಿಯಿಂದ ಬರುವ ಚೀಟಿಗಳು ಕಡಿಮೆಯಾದವು. ಒಂದು ಮಧ್ಯಾಹ್ನ ಮೇಡಂ ಮೇಜಿನ ಹತ್ತಿರ ಬಂದು ಹೇಳಿದಳು.

"ಇಲ್ಲಿ ಯಾರ ಹತ್ತಿರವೂ ಇಲ್ಲದ ಬಟ್ಟೆ ಬೇಕು ಮುಅಲ್ಲಿಮ್. ಯುರೋಪಿಗೆ ಹೋಗೋಣ, ನೀನೂ ಬಾ. ಈ ಬೇಸಿಗೆಯ ಮದುವೆಗಳಲ್ಲಿ ನಮ್ಮ ಬಟ್ಟೆ ಗೆದ್ದರೆ ಅಂಗಡಿ ಇರುತ್ತದೆ. ಇಲ್ಲದಿದ್ದರೆ ಬೀಗ."

ಬೀಗ ಎಂದರೆ ನನಗೆ ಏನೆಂದು ಅವಳಿಗೂ ಗೊತ್ತಿತ್ತು. ಐವತ್ತೆಂಟು ವರ್ಷದ ಟೈಲರನ್ನು ವೀಸಾಕ್ಕೆ ಹೊಣೆಯಾಗುವ ಇನ್ನೊಬ್ಬ ಕಫೀಲ್ ತನ್ನ ಹೆಸರಿಗೆ ಹಾಕಿಕೊಳ್ಳುವುದಿಲ್ಲ. ಅಲ್ಲಿ ಇರಲು ಕೊಟ್ಟ ಪರವಾನಗಿ, ಇಕಾಮಾ, ಮುಗಿಯುತ್ತದೆ, ಊರಿಗೆ ಹೋಗಬೇಕು. ಊರಿನಲ್ಲಿ ಇಂಥ ಉಡುಪು ಯಾರಿಗೆ ಬೇಕು? ನನಗೆ ಬೇರೆ ಕೆಲಸ ಬರುವುದಿಲ್ಲ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಬರುವುದಿಲ್ಲ.

ನನ್ನ ರೂಮಿನಲ್ಲಿದ್ದವನು ಪುತ್ತೂರಿನ ಎ.ಸಿ. ಮೆಕ್ಯಾನಿಕ್. ಸುದ್ದಿ ಕೇಳಿ ಹಾಸಿಗೆಯಿಂದ ಎದ್ದು ಕೂತ.

"ಯುರೋಪಿಗಾ? ಹಾಗಾದ್ರೆ ಒಂದು ಕೋಟು ಹೊಲಿಸಿಕೊ ಮಾರಾಯ," ಎಂದವನು ಒಂದು ಕ್ಷಣ ಬಿಟ್ಟು, "ಓ, ಹೊಲಿಯುವವ ನೀನೇ ಅಲ್ವಾ, ಮರೆತೇ ಹೋಯ್ತು," ಎಂದ.

ಮೇಡಂ, ಅವಳ ಅಣ್ಣ, ನಾನು. ಮೊದಲು ಪ್ಯಾರಿಸ್. ಊರನ್ನು ನಾನು ನೋಡಿದೆ ಎಂದು ಹೇಳಿಕೊಳ್ಳಲಾರೆ. ನೋಡಿದ್ದು ಬಟ್ಟೆ ಅಂಗಡಿಗಳನ್ನು. ಐದು ಮಾಳಿಗೆಯ ಅಂಗಡಿ, ಮೇಲಿಂದ ಕೆಳಗಿನವರೆಗೆ ಥಾನುಗಳು. ಸಾಸಿವೆ ಹಳದಿಯಲ್ಲೇ ಒಂಬತ್ತು ತರಹ ಎಣಿಸಿದೆ. ಹುಚ್ಚು ಹಿಡಿಯುವುದೊಂದು ಬಾಕಿ. ಆ ಸಂಭ್ರಮದಲ್ಲಿ ಒಂದು ಎಡವಟ್ಟು ಮಾಡಿದೆ. ರೇಷ್ಮೆ ಅಸಲಿಯೋ ಅಲ್ಲವೋ ನೋಡಲು ನಾವು ಅಂಚಿನಿಂದ ಒಂದು ಎಳೆ ಕಿತ್ತು ಸುಡುತ್ತೇವೆ. ಅಸಲಿಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿಗೆ ಪುಡಿಯಾಗುತ್ತದೆ. ನಕಲಿಯಾದರೆ ಕರಗಿ ಗುಂಡಾಗುತ್ತದೆ. ಉಡುಪಿಯಲ್ಲಿ ಗುರುಗಳು ಕಲಿಸಿದ್ದು, ಖೋಬರಿನ ಬಟ್ಟೆ ಅಂಗಡಿಗಳಲ್ಲೂ ಯಾರೂ ಬೇಡ ಎಂದದ್ದಿಲ್ಲ. ನಾನು ಜೇಬಿನಿಂದ ಲೈಟರ್ ತೆಗೆದು ಎಳೆಗೆ ಬೆಂಕಿ ಹಿಡಿದೆ. ಕೌಂಟರಿನ ಹೆಂಗಸು ಕಿರುಚಿದ್ದಕ್ಕೆ ಮೂರನೆಯ ಮಾಳಿಗೆಯ ಜನವೆಲ್ಲ ತಿರುಗಿ ನೋಡಿದರು. ಮೇಡಂನ ಅಣ್ಣ ಕ್ಷಮೆ ಕೇಳಿ ನಮ್ಮನ್ನು ಹೊರಗೆ ಕರೆದುಕೊಂಡು ಬಂದ. ರಸ್ತೆಗೆ ಬಂದ ಮೇಲೆ ಮೇಡಂ ಕೇಳಿದ್ದು ಒಂದೇ, "ಅಸಲಿಯಾ?" ಅಸಲಿ ಎಂದೆ. ಅವಳು ನಕ್ಕಳು. ಆ ನಗು ಈಗಲೂ ನೆನಪಿದೆ, ಅವಳು ನನ್ನ ಎದುರು ಹಾಗೆ ನಕ್ಕದ್ದು ಅದೇ ಕೊನೆ.

ಪ್ಯಾರಿಸ್ಸಿನಲ್ಲಿ ಕಂಡದ್ದೆಲ್ಲ ಖೋಬರಿಗೂ ನಾಳೆ ನಾಡಿದ್ದು ಬರುವಂಥದ್ದು. ಮಿಲಾನಿನಲ್ಲಿ ಮೂರು ದಿನ ತಿರುಗಿದೆವು. ನನ್ನ ಚಪ್ಪಲಿ ಸವೆದು ಕಾಲಲ್ಲಿ ಗುಳ್ಳೆ ಎದ್ದಿತು. ಅಲ್ಲಿಯೂ ಅದೇ ಕಥೆ. ಕೊನೆಗೆ ರೈಲಿನಲ್ಲಿ ಕೋಮೊಗೆ ಹೋದೆವು. ಸರೋವರದ ದಡದ ಊರು, ರೇಷ್ಮೆಯ ಗಿರಣಿಗಳಿರುವುದು ಅಲ್ಲಿ. ಒಂದು ಹಳೆಯ ಗಿರಣಿಯ ಗೋದಾಮಿನಲ್ಲಿ ಮುದುಕನೊಬ್ಬ ಥಾನು ಬಿಚ್ಚಿ ಮೇಜಿನ ಮೇಲೆ ಹರಡಿದ. ಹಾಸು ಹಸಿರು, ಹೊಕ್ಕು ಕಿತ್ತಳೆ. ಈ ಕಡೆಯಿಂದ ನೋಡಿದರೆ ಬಲಿತ ಮಾವಿನೆಲೆ, ಆ ಕಡೆಯಿಂದ ನೋಡಿದರೆ ತಾಮ್ರ. ನಾನು ಕಣ್ಣು ಮುಚ್ಚಿ ಬೆರಳುಗಳ ನಡುವೆ ಉಜ್ಜಿದೆ, ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದೆ. ಸುಡುವ ಅಗತ್ಯವೇ ಇರಲಿಲ್ಲ. ಇಂಥ ಬಟ್ಟೆಗೆ ಕತ್ತರಿ ಹಾಕದೆಯೇ ಮುದುಕನಾಗಿಬಿಡುತ್ತಿದ್ದೆನಲ್ಲ ಅನ್ನಿಸಿತು.

ಅಂದು ಸಂಜೆ ಗಿರಣಿಯವರು ಖರೀದಿದಾರರನ್ನೆಲ್ಲ ಒಂದು ಹೋಟೆಲಿಗೆ ಕರೆದಿದ್ದರು. ತಮ್ಮ ಬಟ್ಟೆಯ ಉಡುಪುಗಳನ್ನು ಹುಡುಗಿಯರಿಗೆ ತೊಡಿಸಿ, ಮದುವೆ ಹಾಲ್‌ನಲ್ಲಿರುವಂಥ ದೀಪಗಳ ಕೆಳಗೆ ನಡೆಸಿ ತೋರಿಸುತ್ತಾರೆ. ಬಟ್ಟೆ ಮೈಮೇಲೆ ಹೇಗೆ ಬೀಳುತ್ತದೆ, ಬೆಳಕಿಗೆ ಹೇಗೆ ಕಾಣುತ್ತದೆ ಎಂದು ನೋಡಿಯೇ ಆರ್ಡರ್ ಕೊಡಬೇಕು, ಅದಕ್ಕೇ ಆ ಏರ್ಪಾಡು. ನನ್ನ ಬಲಕ್ಕೆ ಮೇಡಂ, ಅವಳ ಆಚೆ ಅವಳ ಅಣ್ಣ. ಮೊದಲ ಹುಡುಗಿ ಹೊರಗೆ ಬಂದಳು. ಬೆನ್ನು ಪೂರ್ತಿ ತೆರೆದಿತ್ತು. ಅಷ್ಟು ಕಂಡದ್ದೇ ನನ್ನ ತಲೆ ತಾನಾಗಿ ಬಾಗಿತು. ಪಕ್ಕದಲ್ಲಿ ಮೇಡಂ ಕೂತಿರುವಾಗ, ಅವಳ ಅಣ್ಣನ ಎದುರು, ಪರ ಹೆಂಗಸಿನ ಮೈ ನೋಡುವುದು ಹೇಗೆ? ಯಾರೂ ನೋಡಬೇಡ ಎನ್ನಲಿಲ್ಲ. ನೋಡಲೆಂದೇ ಕರೆತಂದಿದ್ದರು. ಆದರೂ ನಾನು ನೆಲವನ್ನೇ ನೋಡುತ್ತಾ ಕೂತೆ. ನನ್ನ ಮುಂದೆ ಉಡುಪಿನ ಅಂಚುಗಳು, ಎತ್ತರ ಹಿಮ್ಮಡಿಯ ಚಪ್ಪಲಿಗಳು ಹೋಗುತ್ತಿದ್ದವು, ಬರುತ್ತಿದ್ದವು.

ಸ್ವಲ್ಪ ಹೊತ್ತಿನಲ್ಲಿ ಮೇಡಂ ನನ್ನ ಕಡೆ ಬಾಗಿದಳು.

"ನಮ್ಮ ಬಟ್ಟೆ ಬಂತು, ನೋಡು. ಈ ನೇರಳೆ ಬೆಳಕಿನಲ್ಲಿ ಸ್ವಲ್ಪ ಮಂಕಾಗಿ ಕಾಣುತ್ತಿದೆಯಲ್ಲ? ನನಗೆ ಅನುಮಾನ. ನಿನ್ನ ಕಣ್ಣಿಗೆ ಹೇಗೆ ಕಾಣುತ್ತದೆ ಹೇಳು."

ನನ್ನ ಕಣ್ಣ ಮುಂದಿದ್ದುದು ಎರಡು ಬೆರಳಗಲದ ಅಂಚು. ಮಡಚಿ ಹೊಲಿದದ್ದು, ಒಳ್ಳೆಯ ಕೈಹೊಲಿಗೆ. ಅದನ್ನೇ ನೋಡಿ ಹೇಳಿದೆ, "ಚೆನ್ನಾಗಿದೆ ಮೇಡಂ. ಏನೂ ತೊಂದರೆ ಇಲ್ಲ."

"ನೋಡಿದೆಯಾ?"

"ನೋಡಿದೆ."

ಅವಳು ಆ ನೇಯ್ಗೆಯ ಥಾನುಗಳನ್ನೆಲ್ಲ ನಮ್ಮ ಅಂಗಡಿಗೇ ಕೊಂಡಳು. ಬೇರೆ ಯಾವುದನ್ನೂ ಕೊಳ್ಳಲಿಲ್ಲ.

ಥುಕ್ಬಾಕ್ಕೆ ಬಂದು ಎರಡು ತಿಂಗಳು ಹೊಲಿದೆವು. ನಾನು ಇಷ್ಟು ಮನಸ್ಸಿಟ್ಟು ಯಾವ ಕೆಲಸವನ್ನೂ ಮಾಡಿರಲಿಲ್ಲ. ಆ ರೇಷ್ಮೆ ಕತ್ತರಿಗೆ ಎದುರಾಡುತ್ತಿರಲಿಲ್ಲ. ನಮ್ಮ ಟ್ಯೂಬ್‌ಲೈಟಿನ ಕೆಳಗೆ ಮೇಜಿನ ಮೇಲೆ ಮಲಗಿಸಿದರೆ ಐದೂ ಮಂದಿ ಕೆಲಸ ಬಿಟ್ಟು ನೋಡುತ್ತಾ ನಿಲ್ಲುತ್ತಿದ್ದೆವು. ಒಂದು ದೊಡ್ಡ ಮನೆತನದ ಮದುವೆಗೆ ಮದುಮಗಳ ಅಕ್ಕತಂಗಿಯರು, ಅತ್ತಿಗೆಯರು ಎಲ್ಲರಿಗೂ ಅದೇ ಬಟ್ಟೆ. ಇನ್ನೂ ನಾಲ್ಕು ಮದುವೆಗಳ ಗಿರಾಕಿಗಳು ಈ ಮದುವೆ ನೋಡಿ ಹೇಳುತ್ತೇವೆ ಎಂದು ಕಾದಿದ್ದರು.

ಮದುವೆಯ ಮರುದಿನ ನಾನು ಕಿಂಡಿಯ ಹತ್ತಿರವೇ ಸುಳಿದಾಡುತ್ತಿದ್ದೆ. ಮೇಡಂ ಖುಷ್ ಎಂಬ ಮಾತು ಬರಲಿಲ್ಲ. ಉಡುಪುಗಳೇ ವಾಪಸು ಬಂದವು, ಒಂದರ ಹಿಂದೆ ಒಂದು. ಆಚೆಯಿಂದ ಆ ಹೆಂಗಸು ಮೆಲ್ಲಗೆ ಹೇಳಿದಳು, "ಮದುವೆ ಹಾಲ್‌ನ ಬೆಳಕಿನಲ್ಲಿ ಬಣ್ಣವೇ ಇರಲಿಲ್ಲ. ಪಾತ್ರೆ ತೊಳೆದ ನೀರಿನ ಹಾಗೆ ಇತ್ತಂತೆ. ಮದುಮಗಳ ತಂಗಿ ಅರ್ಧದಲ್ಲೇ ಎದ್ದು ಹೋಗಿ ಅತ್ತಳಂತೆ." ಕಾದಿದ್ದ ನಾಲ್ವರೂ ಬೇಡ ಎಂದರು.

ವಾರದ ನಂತರ ಮೇಡಂ ಬಂದಳು. ಕೈಯಲ್ಲಿ ಮದುವೆ ಹಾಲ್‌ನವರಿಂದ ಕೇಳಿ ತಂದ ಒಂದು ದೀಪ. ತಲೆಯಿಲ್ಲದ ಬೊಂಬೆಗೆ ಒಂದು ಉಡುಪು ತೊಡಿಸಲು ಹೇಳಿ, ಟ್ಯೂಬ್‌ಲೈಟ್ ಆರಿಸಿ, ಆ ನೇರಳೆ ದೀಪ ಹಾಕಿದಳು. ಹಸಿರು ಸತ್ತುಹೋಯಿತು. ಕಿತ್ತಳೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಉಳಿದದ್ದು ಒಲೆಯ ಬೂದಿ. ನಾನು ಹೊಲಿದ ಉಡುಪನ್ನು ನಿಂತ ಭಂಗಿಯಲ್ಲಿ, ಮದುವೆಯ ಬೆಳಕಿನಲ್ಲಿ ನಾನು ಮೊದಲು ನೋಡಿದ್ದು ಹಾಗೆ.

"ಆ ದಿನ ಹೋಟೆಲಿನಲ್ಲಿ ನೀನು ನೋಡಿದೆ ಅಂದೆಯಲ್ಲ ಮುಅಲ್ಲಿಮ್?"

ಇನ್ನೊಮ್ಮೆ ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. "ಅಂಚು ಮಾತ್ರ ನೋಡಿದೆ ಮೇಡಂ. ತಲೆ ಎತ್ತಲಿಲ್ಲ. ನಾಚಿಕೆಯಾಯಿತು."

ಬೈಯಲಿ ಎಂದು ಕಾದೆ. ಅವಳು ದೀಪ ಆರಿಸಿದಳು. "ಇಷ್ಟು ವರ್ಷ ನಿನ್ನ ಕೈ ಕೇಳಿದೆ," ಎಂದಳು. "ಕಣ್ಣು ಕೇಳಿದ್ದು ಒಂದೇ ಸಲ." ಹಾಗೆಂದು ಹಿಂದಿನ ಬಾಗಿಲಿನಿಂದ ಹೊರಟುಹೋದಳು.

ರೂಮಿನಲ್ಲಿ ಪುತ್ತೂರಿನವನಿಗೆ ಎಲ್ಲ ಹೇಳಿದೆ. ಅವನು ನಗಲಿಲ್ಲ. "ಎಂತ ಮಾರಾಯ ನೀನು," ಎಂದ, "ಅಷ್ಟು ದೂರ ಹೋಗಿ ನೆಲ ನೋಡಿಕೊಂಡು ಬಂದದ್ದಾ?" ಎಂದು ಕೇಳಿ, ನನ್ನ ತಟ್ಟೆಗೆ ಅನ್ನ ಬಡಿಸಿದ. ನನಗೆ ಊಟ ಸೇರಲಿಲ್ಲ. ಮಿಂಚಿ ಹೋದದ್ದಕ್ಕೆ ಚಿಂತಿಸಿ ಫಲವಿಲ್ಲ ಎಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವುದು ಸುಲಭ. ಐದು ಟೈಲರುಗಳ ಅನ್ನ ನನ್ನ ಬಗ್ಗಿದ ಕತ್ತಿನಿಂದ ಹೋಯಿತು. ಅದನ್ನು ಮರ್ಯಾದೆ ಎಂದು ಕರೆಯಲು ನನಗೆ ಈಗ ಬಾಯಿ ಬರುವುದಿಲ್ಲ.

ಅಂಗಡಿಗೆ ಬೀಗ ಬೀಳುವ ದಿನ ಮಶೀನುಗಳನ್ನು ಯಾರೋ ಲಾರಿಗೆ ತುಂಬುತ್ತಿದ್ದರು. ನನ್ನ ಎಕ್ಸಿಟ್ ಕಾಗದ ತಯಾರಾಗಿತ್ತು. ನಾನು ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದೆ. ಹಿಂದಿನ ಬಾಗಿಲಿನಲ್ಲಿ ಹೆಂಗಸಿನ ದನಿ ಕೇಳಿಸಿತು. ಹನ್ನೊಂದು ವರ್ಷ ಕಿಂಡಿಯಲ್ಲಿ ಕೇಳಿದ ದನಿ.

"ಮಾಸ್ಟರ್, ನಾಳೆ ಮನಿಲಾಕ್ಕೆ ಹೋಗುತ್ತಿದ್ದೇನೆ. ಒಮ್ಮೆ ನಿಮ್ಮ ಮುಖ ನೋಡಿ ಹೋಗೋಣ ಎಂದು ಬಂದೆ."

ಅವಳು ನನ್ನನ್ನು ನೋಡಿದಳು, ಅದು ನನಗೆ ತಿಳಿಯುತ್ತಿತ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಒಳ್ಳೆಯದಾಗಲಿ ಎಂದೆ, ದೇವರು ಕಾಪಾಡಲಿ ಎಂದೆ. ಅವಳು ಹೋದಳು. ಅವಳು ಹಾಕಿದ್ದು ಬಿಳಿ ಕ್ಯಾನ್ವಾಸ್ ಶೂ. ಎಡಗಾಲಿನದರ ಲೇಸು ಬಿಚ್ಚಿಕೊಂಡಿತ್ತು. ನಾನು ಕಂಡದ್ದು ಅಷ್ಟೇ.