ತಂಗಿ ಕೂಡಿಸಿದ ವಾಕ್ಯಗಳು

ನಮ್ಮ ಮನೆತನದಲ್ಲಿ ಬಿ.ಎ. ಪದವಿ ಪಡೆದ ಮೊದಲಿಗ ನಾನು. ಪ್ರತಿ ಇಂಗ್ಲಿಷ್ ವಾಕ್ಯವನ್ನೂ ಮನಸ್ಸಿನಲ್ಲಿ ತಿದ್ದಿಕೊಳ್ಳದೆ ಬಾಯಿ ತೆರೆಯಲು ನನಗೆ ಧೈರ್ಯ ಬರುತ್ತಿರಲಿಲ್ಲ. ನನ್ನ ತಂಗಿಗೆ ಆ ಅಂಜಿಕೆ ಇರಲಿಲ್ಲ.

ಐವತ್ತರ ದಶಕದಲ್ಲಿ ನಾವು ಚೆಂಬೂರಿನಲ್ಲಿ ಸಾಲುಕೋಣೆಗಳ ಚಾಳೊಂದರಲ್ಲಿದ್ದೆವು. ಬೆಳಗ್ಗೆ ನಲ್ಲಿಯ ಸರದಿಯಲ್ಲಿ ನಿಂತೇ ಆಕೆ ಮೆಟ್ರಿಕ್ ಪರೀಕ್ಷೆಗೆ ಓದುತ್ತಿದ್ದಳು. ಎರಡು ವಾಕ್ಯಗಳನ್ನು ಕೃದಂತದಿಂದ ಒಂದಾಗಿಸುವ ಪಾಠವೆಂದರೆ ಆಕೆಗೆ ಆಟ. ‘ಅವನು ಕೊಡ ತುಂಬಿಸಿದನು. ಅವನು ಮೇಲೆ ಹೋದನು’ ಎಂದು ನಾನು ಇಂಗ್ಲಿಷಿನಲ್ಲಿ ಕೊಟ್ಟರೆ, “ಹ್ಯಾವಿಂಗ್ ಫಿಲ್ಡ್ ದ ಪಾಟ್, ಹಿ ವೆಂಟ್ ಅಪ್” ಎಂದುಬಿಡುವಳು. “ನಮ್ಮ ‘ತುಂಬಿಸಿ ಹೋದ’ ಅಲ್ವಾ ಅಣ್ಣ? ಇದರಲ್ಲಿ ಎಂತ ಕಷ್ಟ?”

ಡಿಸೆಂಬರಿನಲ್ಲಿ ಗೋರೆಗಾಂವ್‌ನಿಂದ ಸಂಬಂಧ ಬಂತು. ಪರೀಕ್ಷೆಗೆ ಕೂರುವುದು ಬಿಡುವುದು ಇನ್ನು ಗಂಡಿನ ಕಡೆಯವರ ಇಚ್ಛೆ ಎಂದರು ಅಪ್ಪಯ್ಯ. ಅವರು ಹೆಣ್ಣು ನೋಡಲು ಬರುವ ದಿನ ತಂಗಿ ಜಡೆ ಹೆಣೆದುಕೊಳ್ಳುತ್ತ ಕೇಳಿದಳು: “ಚಂದ ಮಾಡಿ ಉತ್ತರ ಹೇಳಿದರೆ ಪರೀಕ್ಷೆಗೆ ಬಿಡ್ತಾರೆ ಅಲ್ವಾ?”

ಹುಡುಗನ ಸೋದರಮಾವ ಉಪ್ಪಿಟ್ಟು ಮುಗಿಸಿ ನನ್ನತ್ತ ತಿರುಗಿದರು. “ಹುಡುಗಿಗೆ ಇಂಗ್ಲಿಷ್ ಬರ್ತದಂತೆ. ಎಂತಾದರೂ ಕೇಳಿ, ನೋಡುವ.”

ದೀಪ ಹಚ್ಚಿದಳು, ಓದಲು ಕುಳಿತಳು ಎಂಬ ಎರಡು ಸುಲಭ ವಾಕ್ಯಗಳನ್ನು ಕೊಟ್ಟೆ. ತಲೆ ತಗ್ಗಿಸಿ ನಿಂತಿದ್ದವಳು ಎಲ್ಲಿಯೂ ತಡವರಿಸಲಿಲ್ಲ. “ಹ್ಯಾವಿಂಗ್ ಲಿಟ್ ದ ಲ್ಯಾಂಪ್, ಶಿ ಸ್ಯಾಟ್ ಡೌನ್ ಟು ರೀಡ್.”

“ಭಲೇ! ನಮ್ಮ ಹುಡುಗನಿಗೇ ಇಷ್ಟು ಬರುವುದಿಲ್ಲ ಮಾರಾಯ್ರೆ!” ಹುಡುಗನೂ ನಕ್ಕ.

ಅಪ್ಪಯ್ಯ ಮೆಲ್ಲಗೆ, “ಮಾರ್ಚಿನಲ್ಲಿ ಪರೀಕ್ಷೆ ಉಂಟು…” ಎಂದರು.

“ಇಷ್ಟೆಲ್ಲ ಬರ್ತದಲ್ಲ, ಇನ್ನು ಪರೀಕ್ಷೆ ಎಂತಕ್ಕೆ?” ಎಂದರು ಸೋದರಮಾವ.

ಅದು ಕೇಡಿನ ಮಾತಾಗಿರಲಿಲ್ಲ. ಅವರು ನಿಜವಾಗಿ ಮೆಚ್ಚಿದ್ದರು. ಆದುದರಿಂದಲೇ ಅಪ್ಪಯ್ಯ ಪರೀಕ್ಷೆಯ ಮಾತು ಬಿಟ್ಟು ವೀಳ್ಯದ ತಟ್ಟೆ ಮುಂದಿಟ್ಟರು. ಫೆಬ್ರವರಿಯಲ್ಲಿ ಮದುವೆಯಾಯಿತು.

ಪರೀಕ್ಷೆಗಳು ಮುಗಿದ ಮೇಲಿನ ಭಾನುವಾರ ಲೋಕಲ್ ರೈಲು ಹಿಡಿದು ಗೋರೆಗಾಂವ್‌ಗೆ ಹೋದೆ. ತಂಗಿ ತೊಂಡೆಕಾಯಿ ಹೆಚ್ಚುತ್ತಿದ್ದಳು. ಅತ್ತೆ ಒಳಗೆ ಹೋದೊಡನೆ, “ಪರೀಕ್ಷೆಯಲ್ಲಿ ವಾಕ್ಯ ಕೂಡಿಸಲಿಕ್ಕೆ ಬಂದಿತ್ತಾ?” ಎಂದಳು.

ಪರೀಕ್ಷೆ ಬರೆದಿದ್ದ ಚಾಳಿನ ಹುಡುಗಿಯೊಬ್ಬಳಿಂದ ಪ್ರಶ್ನೆಯನ್ನು ಕೇಳಿ ತಿಳಿದುಕೊಂಡೇ ಹೋಗಿದ್ದೆ; ಹೇಳಿದೆ. ಆಕೆ ಈಳಿಗೆಮಣೆಯಿಂದ ಕಣ್ಣೆತ್ತದೆ ಎರಡನ್ನೂ ಕೂಡಿಸಿ ಹೇಳಿದಳು. ತಪ್ಪಿರಲಿಲ್ಲ.

“ಪೂರ್ತಿ ಮಾರ್ಕು ಸಿಗ್ತಿತ್ತಲ್ವಾ ಅಣ್ಣ?”

“ಸಿಗ್ತಿತ್ತು” ಎಂದೆ.

ಹೆಚ್ಚಿದ ಹೋಳುಗಳನ್ನು ಪಾತ್ರೆಗೆ ಬಳಿದುಕೊಂಡು ಆಕೆ ಒಳಗೆ ನಡೆದಳು.