ಬಾಯೊಳಗಿನ ಬೆರಳು

ನನ್ನ ಬಲಗೈ ತೋರುಬೆರಳಿನ ಗೆಣ್ಣಿನ ಮೇಲೆ ಹಲ್ಲಿನ ಗುರುತು ಇನ್ನೂ ಮಾಸಿಲ್ಲ. ಆಫೀಸಿನಲ್ಲಿ ಯಾರಾದರೂ ಕೇಳಿದರೆ ಬಾಗಿಲ ಸಂದಿಗೆ ಸಿಕ್ಕಿತು ಅನ್ನುತ್ತೇನೆ. ಕಚ್ಚಿದ್ದು ನನ್ನ ಮಗಳು, ಎಂಟು ವರ್ಷದವಳು. ತಪ್ಪು ನನ್ನದೇ. ನೆನೆಸಿಕೊಂಡರೆ ಈಗಲೂ ಹೇಸಿಗೆಯಾಗುತ್ತದೆ.

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ತುತ್ತು ಮುರಿದು ಸಾರಿನಲ್ಲಿ ಹೊರಳಿಸಿ ಗುಳಕ್ಕನೆ ಒಳಗೆ ಬಿಡಬೇಕು. ಅಗಿದಿರೋ ಕೆಟ್ಟಿರಿ, ಹಲ್ಲಿಗೆ, ಒಸಡಿಗೆ, ಅಂಗುಳಕ್ಕೆ ಮೆತ್ತಿಕೊಂಡು ಕೂರುತ್ತದೆ. ಕಿಕ್ಕೇರಿ ಹತ್ತಿರದ ನಮ್ಮೂರಿನಲ್ಲಿ ನುಂಗಲು ಬಾರದ ಹುಡುಗಿ ಅಂತ ಇದ್ದವಳು ನಾನೊಬ್ಬಳೇ ಇರಬೇಕು. ತುತ್ತನ್ನು ಕೆನ್ನೆಯೊಳಗೆ ತಳ್ಳಿಕೊಂಡು ಹಿತ್ತಲಿಗೆ ಹೋಗಿ ಉಗಿದು ಬರುತ್ತಿದ್ದೆ.

ಅಪ್ಪನಿಗೆ ಅದು ಗೊತ್ತಾದ ದಿನದಿಂದ ತಪಾಸಣೆ ಶುರುವಾಯಿತು. ಊಟವಾದ ಮೇಲೆ ಅವನ ಎದುರು ಹೋಗಿ ನಿಲ್ಲಬೇಕು. "ಬಾಯ್ ಬುಡು" ಅನ್ನುತ್ತಿದ್ದ. ಬಿಡುತ್ತಿದ್ದೆ. ತೋರುಬೆರಳು ಒಳಗೆ ಹಾಕಿ ಎರಡೂ ಕೆನ್ನೆ ಗೋರಿ, ಸಿಕ್ಕಿದ್ದನ್ನು ನಾಲಿಗೆಯ ಮೇಲಿಟ್ಟು "ಈಗ್ ನುಂಗು" ಅನ್ನುತ್ತಿದ್ದ. ಹಾಲು ಕರೆದು, ಸಗಣಿ ಬಾಚಿ, ಬೀಡಿ ಹಿಡಿದ ಬೆರಳು. ಎಷ್ಟು ತೊಳೆದರೂ ಕೆಚ್ಚಲಿನ ವಾಸನೆ ಹೋಗುತ್ತಿರಲಿಲ್ಲ. ಅವನ ಮುಂದೆ ವಾಂತಿ ಮಾಡುವಷ್ಟು ಧೈರ್ಯವೂ ನನಗಿರಲಿಲ್ಲ.

ಈಗ ನಾಗಮಂಗಲದಲ್ಲಿ ನನ್ನ ಸಂಸಾರ. ಮುದ್ದೆಯನ್ನು ಯಾರಿಗೂ ಕಮ್ಮಿಯಿಲ್ಲದಂತೆ ನುಂಗುತ್ತೇನೆ. ಮಗಳು ಹುಟ್ಟಿದಾಗ ಮಾತ್ರ ಒಂದು ಆಣೆ ಮಾಡಿಕೊಂಡಿದ್ದೆ: ಇವಳ ಬಾಯಿಗೆ ಯಾರೂ ಬೆರಳು ಹಾಕಬಾರದು. ಮಕ್ಕಳಿಗೆ ಬಲವಂತ ಮಾಡಬಾರದು ಕಣ್ರೀ ಅಂತ ಜೊತೆಯವರಿಗೆಲ್ಲ ಬುದ್ಧಿ ಹೇಳಿಕೊಂಡು ತಿರುಗುತ್ತಿದ್ದ ದೊಡ್ಡ ಮನುಷ್ಯಳು ನಾನು.

ಆ ಭಾನುವಾರ ಅಪ್ಪ ಊರಿನಿಂದ ಬಂದಿದ್ದ. ನನ್ನ ಗಂಡ ಮನೆಯಲ್ಲಿರಲಿಲ್ಲ. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು ಮಾಡಿ ಮೂವರೂ ಕೂತೆವು. ಮಗಳು ತಟ್ಟೆ ನೋಡಿದವಳೇ "ಥೂ, ಅಂಟಂಟು. ನಂಗ್ ಬೇಡ" ಅಂದಳು.

"ಏನವ್ವಾ, ಮುದ್ದೆ ಕಂಡ್ರೆ ಥೂ ಅಂತಾಳಲ್ಲ ನಿನ್ ಮಗಳು! ಇಂಗಾ ನೀನು ಬೆಳ್ಸಿರದು?" ಅಂತ ಅಪ್ಪ ನಕ್ಕ.

ನನ್ನ ಕಿವಿ ಬಿಸಿಯಾಯಿತು. "ತಿನ್ನು" ಅಂತ ಗದರಿದೆ. ಅವಳು ಒಂದು ತುತ್ತು ಬಾಯಿಗಿಟ್ಟುಕೊಂಡು, ಅದನ್ನು ಬಲಗೆನ್ನೆಗೆ ತಳ್ಳಿ, ಕೆನ್ನೆ ಉಬ್ಬಿಸಿಕೊಂಡು ನನ್ನನ್ನೇ ನೋಡುತ್ತಾ ಕೂತಳು. ಅದು ನನ್ನ ಉಪಾಯ, ನನ್ನದೇ ಕೆನ್ನೆ. ನಾನು ಹೆದರಿ ಸಾಯುತ್ತಾ, ಕದ್ದುಮುಚ್ಚಿ ಮಾಡುತ್ತಿದ್ದ ಕೆಲಸವನ್ನು ಈ ಪುಟಾಣಿ ನನ್ನ ಅಪ್ಪನ ಎದುರಿಗೇ ರಾಜಾರೋಷವಾಗಿ ಮಾಡುತ್ತಿತ್ತು. ನನಗೆ ಬಂದದ್ದು ಬರೀ ಸಿಟ್ಟಲ್ಲ, ಹೊಟ್ಟೆಕಿಚ್ಚು. ಹೆತ್ತ ಮಗಳ ಮೇಲೆ.

"ಬಾಯ್ ಬುಡು" ಅಂದೆ. ಇಷ್ಟು ವರ್ಷ ಆಡಿದ ಆಫೀಸಿನ ಕನ್ನಡವೆಲ್ಲ ಎಲ್ಲಿಗೆ ಹೋಯಿತೋ. ಎಡಗೈಯಲ್ಲಿ ಅವಳ ದವಡೆ ಹಿಡಿದು ಬಲಗೈ ಬೆರಳನ್ನು ಒಳಗೆ ಹಾಕಿದೆ. ಎಲ್ಲಿ ಗೋರಬೇಕೆಂದು ಬೆರಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅಂಗ್ ಮಾಡು!" ಅಂದ ಅಪ್ಪ, ಕೈಗಂಟಿದ ಸಾರು ನೆಕ್ಕುತ್ತಾ. "ನಿನ್ನೂ ಇಂಗೇ ಅಲ್ವಾ ದಾರಿಗ್ ತಂದಿದ್ದು? ನಾನೇನೋ ಪಾಪ ಅಂತ ಬೆರಳಾಕ್ತಿದ್ದೆ ಕಣವ್ವ. ನಮ್ಮಪ್ಪ ಮುದ್ದೆ ತಿರುವೋ ಕೋಲ್ನೇ ಬಾಯಿಗ್ ತುರುಕ್ತಿದ್ದ. ಈ ಹಲ್ಲು ಅದ್ರಲ್ಲೇ ಹೋಗಿದ್ದು, ನೋಡು." ತುಟಿಯೆತ್ತಿ ಮುಂದಿನ ಸಂದಿ ತೋರಿಸಿದ.

ಆ ಹಲ್ಲು ಹಸು ಒದ್ದು ಹೋಯಿತೆಂದು ಇಷ್ಟು ದಿನ ನಂಬಿದ್ದೆ. ಅವನ ಲೆಕ್ಕದಲ್ಲಿ ಅವನು ಕರುಣೆಯ ಅಪ್ಪ. ಕೋಲು ಬಿಟ್ಟು ಬೆರಳು ಹಿಡಿದವನು. ನನಗೆ ಕನಿಕರ ಬರಬೇಕಿತ್ತು, ಬರಲಿಲ್ಲ. ಅಸಹ್ಯವಾಯಿತು. ತುಟಿಯೆತ್ತಿ ನಗುತ್ತಿದ್ದ ಅವನ ಮೇಲೆ, ನಾನು ಮುಖವನ್ನೇ ನೋಡದ ಅಜ್ಜನ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ. ಯಾಕೆಂದರೆ ಅವನು ಅಷ್ಟೂ ಕಥೆ ಹೇಳಿ ಮುಗಿಸುವವರೆಗೆ ನನ್ನ ಬೆರಳು ಮಗುವಿನ ಬಾಯೊಳಗೇ ಇತ್ತು.

ಆಗ ಅವಳು ಕಚ್ಚಿದಳು.

ಕಿರುಚಿ ಕೈ ಎಳೆದುಕೊಂಡೆ. ಬೆರಳ ತುಂಬ ಮುದ್ದೆ, ಎಂಜಲು, ರಕ್ತ. "ಕಚ್ಬುಟ್ಲಲ್ಲವ್ವ ಮುಂಡೇದು! ಬುಡು ಕೆನ್ನೆಗೆ ಎಲ್ಡು!" ಅಂತ ಅಪ್ಪ ಕೂತಲ್ಲಿಂದಲೇ ಕೂಗಿದ. ನನ್ನ ಕೈ ಮೇಲೆದ್ದಿತ್ತು.

ಅವಳು ತುತ್ತನ್ನು ತಟ್ಟೆಗೆ ಉಗಿದಳು. ಕಣ್ಣಲ್ಲಿ ನೀರಿತ್ತು, ಆದರೆ ನೋಟ ಕದಲಲಿಲ್ಲ. "ಇನ್ನೊಂದ್ ಸಲ ಹಾಕಿದ್ರೆ ಇನ್ನೊಂದ್ ಸಲ ಕಚ್ತೀನಿ" ಅಂದಳು.

ಅಷ್ಟು ವರ್ಷ ಅಪ್ಪನ ಎದುರು ಬಾಯಿ ಬಿಟ್ಟುಕೊಂಡು ನಿಂತಿದ್ದಾಗ ನನ್ನ ಬಾಯಲ್ಲೂ ಹಲ್ಲಿದ್ದವು. ಅದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಎತ್ತಿದ ಕೈ ಇಳಿಸಿದೆ. "ಕಚ್ಚು" ಅಂದೆ. ಅಪ್ಪನ ಕಡೆ ನೋಡಲಿಲ್ಲ.