ಗುರುವಾರದ ಬೆಂಚು

ನಾನು ಡಯಲ್ ಮಾಡಿದ ನಂಬರು ನನ್ನ ಕೋಣೆಯ ಬಾಗಿಲಾಚೆಯೇ ರಿಂಗಾಯಿತು.

ಬೆಚ್ಚಿಬಿದ್ದು ಬಾಗಿಲು ತೆರೆದೆ. ಕಾರಿಡಾರಿನ ಬೆಂಚಿನಿಂದ ಎತ್ತರದ ಕಪ್ಪು ಯುವಕನೊಬ್ಬ ದಡಬಡಿಸಿ ಎದ್ದು ನಿಂತ. ಘಾನಾದಿಂದ ಸಿಂಗಪುರದ ನಮ್ಮ ವಿಶ್ವವಿದ್ಯಾಲಯಕ್ಕೆ ಬಂದ ಕ್ವಾಮೆ ಇವನೇ! ಅವನ ಮನೆತನದಲ್ಲೇ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಮೆಂಟರ್ ಆಗಿ ನಾನು ನೋಡಿಕೊಳ್ಳಬೇಕಾದ, ಇನ್ನೂ ಭೇಟಿಯಾಗಿರದ ವಿದ್ಯಾರ್ಥಿ. ಮೊದಲ ಟೆಸ್ಟಿನಲ್ಲೇ ಫೇಲಾಗಿದ್ದ. ಗುರುವಾರ ಎರಡು ಗಂಟೆಗೆ ಬಂದು ನನ್ನನ್ನು ಕಾಣು ಎಂದು ಮೇಲ್ ಹಾಕಿದ್ದೆ. ಮೂರು ವಾರವಾದರೂ ಸುಳಿವಿರಲಿಲ್ಲ. ಓದು ಬಿಟ್ಟನೋ, ಏನಾದರೂ ಮಾಡಿಕೊಂಡನೋ ಎಂದು ಸೆಂಗ್‌ಕಾಂಗಿನ ಮನೆಯಿಂದ ಬರುವಾಗ ಎಂಆರ್‌ಟಿ ರೈಲಿನಲ್ಲೂ ಅದೇ ಚಿಂತೆ.

“ಎಲ್ಲಿ ಹೋಗಿದ್ದೆ ಇಷ್ಟು ದಿನ?” ಎಂದು ರೇಗಿದೆ.

“ಪ್ರತಿ ಗುರುವಾರ ಬಂದು ಇಲ್ಲೇ ಕೂತಿದ್ದೆ ಮೇಡಂ. ನಮ್ಮೂರಲ್ಲಿ ಟೀಚರ್ ತಾವಾಗೇ ಕರೆಯೋ ತನಕ ಬಾಗಿಲು ತಟ್ಟೋ ಹಾಗಿಲ್ಲ. ನೀವು ನನ್ನ ನೋಡ್ತಿದ್ರಿ, ಆದ್ರೆ ಕರೀಲಿಲ್ಲ.”

ನೋಡಿದ್ದು ನಿಜ. ಯಾರೋ ಅಪರಿಚಿತ ಎಂದುಕೊಂಡಿದ್ದೆ. ಬಾಗಿಲಿನ ಗಾಜಿನಲ್ಲಿ ಅವನು ಕಂಡಾಗಲೆಲ್ಲ ನನ್ನ ಹ್ಯಾಂಡ್‌ಬ್ಯಾಗನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದ್ದೆ.

ಕ್ವಾಮೆ ಈಗ ಮೂರನೇ ವರ್ಷದಲ್ಲಿದ್ದಾನೆ. ಗುರುವಾರಗಳಂದು ನನ್ನ ಬಾಗಿಲು ತೆರೆದೇ ಇರುತ್ತದೆ. ಗಾಜಿನಾಚೆಯಿಂದ ಆ ಬೀಗ ಅವನಿಗೂ ಕಂಡಿತ್ತೇ ಎಂದು ಕೇಳುವ ಧೈರ್ಯ ಮಾತ್ರ ನನಗೆ ಇನ್ನೂ ಬಂದಿಲ್ಲ.